ಎಳೆ ಬೋನ್ಸಾಯ್‌ಗೆ ಗುಳಿಗೆ ಗೊಬ್ಬರ: ಬಳ್ಳಾರಿ ಬಿಸಿಲಿನ ಲೆಕ್ಕವೇ ಬೇರೆ

ನಿಧಾನವಾಗಿ ಕರಗುವ ಗುಳಿಗೆ ಗೊಬ್ಬರದ ಪೊಟ್ಟಣದ ಮೇಲೆ ಮೂರು ತಿಂಗಳು, ಆರು ತಿಂಗಳು, ಒಂಬತ್ತು ತಿಂಗಳು ಅಂತ ಬರೆದಿರ್ತದೆ. ಒಮ್ಮೆ ಹಾಕಿದರೆ ಅಷ್ಟು ದಿನ ಗಿಡಕ್ಕೆ ಮತ್ತೆ ಗೊಬ್ಬರ ಬೇಡ ಎಂದು ಅದರ ಅರ್ಥ. ಆದರೆ ಆ ಆರು ತಿಂಗಳು ಯಾವ ಊರಿನ ಆರು ತಿಂಗಳು ಎಂದು ಕೇಳುವವರು ಕಡಿಮೆ. ಕೇಳದೆ ಹಾಕಿದ್ದರಿಂದ ನಮ್ಮ ಕಡೆ ಸಸಿ ಸುಟ್ಟುಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈ ಬರಹ.

ಒಣಬೇಸಾಯದವನಿಗೆ ಬೋನ್ಸಾಯ್ ಯಾತಕ್ಕೆ ಎಂದು ನಗಬೇಡಿ. ನಮ್ಮದು ಕುರುಗೋಡು ಕಡೆಯ ಮಳೆ ನಂಬಿದ ಹೊಲ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ ಬಂತು. 2023ರ ಬರದಲ್ಲಿ ಹೊಲಕ್ಕೆ ಹಾಕಿದ ಬೀಜವೂ ತಿರುಗಿ ಬರಲಿಲ್ಲ. ಆದರೆ ಮನೆ ಹಿಂದಿನ ಬೇವಿನ ನೆರಳಲ್ಲಿ ಇಟ್ಟ ಇನ್ನೂರು ಕುಂಡಗಳಿಗೆ ದಿನಕ್ಕೆ ಹತ್ತು ಹದಿನೈದು ಕೊಡ ನೀರು ಸಾಕಾಯ್ತು. ಬಳ್ಳಾರಿ ಶಹರದ ನರ್ಸರಿಯವರು ಪೂರ್ತಿ ತಯಾರಾದ ಬೋನ್ಸಾಯ್ ಕೇಳುವುದಿಲ್ಲ. ಮೂರು ನಾಲ್ಕು ವರ್ಷ ಬೆಳೆಸಿ ಬುಡ ದಪ್ಪ ಮಾಡಿದ ಎಳೆ ಗಿಡ ಕೊಟ್ಟರೆ ಸಾಕು. ಮುಂದಿನ ತಂತಿ ಸುತ್ತುವುದು, ತಟ್ಟೆಗೆ ಏರಿಸುವುದು ಅವರ ಕೆಲಸ. ನನ್ನ ಹತ್ತಿರ ಇರುವುದು ಹುಣಸೆ, ಆಲ, ಬಸರಿ, ಅರಳಿ, ಬನ್ನಿ, ಒಂದಿಷ್ಟು ಬಿಲ್ವಪತ್ರೆ. ಹಾಳು ಬಾವಿ ಗೋಡೆಯಲ್ಲಿ, ಹಳೇ ಮಾಳಿಗೆ ಮನೆಯ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಆಲ ಬಸರಿಗಳೇ ಮೊದಲ ಬಂಡವಾಳ. ಹುಣಸೆಗಂತೂ ಬೀಜದ ಖರ್ಚೂ ಇಲ್ಲ.

ಉಪವಾಸ ಕೆಡವಿ ಗಿಡ್ಡ ಮಾಡುವುದಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು. ಬೋನ್ಸಾಯ್ ಅಂದರೆ ಗಿಡಕ್ಕೆ ಊಟ ಕೊಡದೆ ಕುಬ್ಜ ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಬೋನ್ಸಾಯ್ ಎಂಬ ಜಪಾನಿ ಮಾತಿಗೆ ತಟ್ಟೆಯಲ್ಲಿ ನೆಟ್ಟದ್ದು ಎಂದಷ್ಟೇ ಅರ್ಥ. ಅದು ಸಣ್ಣದಾಗಿ ಇರುವುದು ಬೇರು ಮತ್ತು ಚಿಗುರನ್ನು ಕತ್ತರಿಸುವುದರಿಂದ. ವಯಸ್ಸಾದ, ರೂಪ ಬಂದ ಬೋನ್ಸಾಯ್‌ಗೆ ಗೊಬ್ಬರ ಕಡಿಮೆ ಕೊಡುತ್ತಾರೆ, ಎಲೆ ದೊಡ್ಡದಾಗಬಾರದು, ಗೆಣ್ಣು ಉದ್ದ ಹೋಗಬಾರದು ಅಂತ. ಎಳೆ ಗಿಡದ ಮಾತು ಬೇರೆ. ಅದರ ಬುಡ ಬೆರಳು ಗಾತ್ರದಿಂದ ಹಿಡಿ ಗಾತ್ರಕ್ಕೆ ಬರಬೇಕು. ಚಿಗುರು ಓಡಬೇಕು, ಓಡಿದ್ದನ್ನು ಕತ್ತರಿಸಬೇಕು, ಮತ್ತೆ ಓಡಬೇಕು. ಇದಕ್ಕೆ ಹೊಟ್ಟೆತುಂಬ ಆಹಾರ ಬೇಕು. ಬೆಳೆಯುವ ಹುಡುಗನಿಗೂ ಮುದುಕನಿಗೂ ಒಂದೇ ಅಳತೆ ಬಡಿಸುವುದಿಲ್ಲವಲ್ಲ.

ಕುಂಡದಲ್ಲಿ ಇರುವುದು ನಾಲ್ಕು ಸೇರು ಮಣ್ಣು. ಅದೂ ನೀರು ಬಸಿಯುವ ಹಾಗೆ ಮರಳು, ಇಟ್ಟಿಗೆ ಚೂರು ಹಾಕಿದ ಮಣ್ಣು. ಕರಗುವ ಗೊಬ್ಬರ ಹಾಕಿದರೆ ಎರಡು ಸಲ ನೀರು ಹಾಕುವಷ್ಟರಲ್ಲಿ ಅರ್ಧ ಬಸಿದು ಹೋಗ್ತದೆ. ಜಾಸ್ತಿ ಹಾಕಿದರೆ ಬೇರು ಸುಡ್ತದೆ. ದಿನಾ ಚೂರು ಚೂರು ಸಿಗಬೇಕು ಅಂತಲೇ ನಿಧಾನ ಗೊಬ್ಬರ ಬಂದದ್ದು.

ನಿಧಾನ ಎಂದರೆ ಮೂರು ಥರ

ಅಂಗಡಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು ಹೇಳ್ತಾರೆ. ಒಳಗಿನ ಕೆಲಸ ಮಾತ್ರ ಬೇರೆ ಬೇರೆ.

ಒಂದು, ಹಿಂಡಿ. ಬೇವಿನ ಹಿಂಡಿ, ಹೊಂಗೆ ಹಿಂಡಿ, ಶೇಂಗಾ ಹಿಂಡಿ. ಇದರಲ್ಲಿರುವ ಸಾರಜನಕ ಗಿಡಕ್ಕೆ ನೇರ ಸಿಗುವುದಿಲ್ಲ. ಮಣ್ಣಿನ ಸೂಕ್ಷ್ಮ ಜೀವಿಗಳು ತಿಂದು, ಕೊಳೆಸಿ, ಆಮೇಲೆ ಬಿಡುತ್ತವೆ. ನೂರು ಕಿಲೋ ಬೇವಿನ ಹಿಂಡಿಯಲ್ಲಿ ಸುಮಾರು 5 ಕಿಲೋ ಸಾರಜನಕ, ಶೇಂಗಾ ಹಿಂಡಿಯಲ್ಲಿ 7ರ ಮೇಲೆ, ಹೊಂಗೆ ಹಿಂಡಿಯಲ್ಲಿ 4ರ ಆಸುಪಾಸು. ಜಪಾನಿನವರೂ ಮಾಡುವುದು ಇದನ್ನೇ. ಸಾಸಿವೆ ಜಾತಿಯ ಹಿಂಡಿಗೆ ಮೂಳೆಹಿಟ್ಟು ಬೆರೆಸಿ ಉಂಡೆ ಕಟ್ಟಿ ಬೋನ್ಸಾಯ್ ಮಣ್ಣಿನ ಮೇಲೆ ಇಡುತ್ತಾರೆ.

ಎರಡು, ಬೇವು ಲೇಪಿತ ಯೂರಿಯಾ. 2015ರಿಂದ ನಮ್ಮ ದೇಶದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಹಚ್ಚುವುದು ಕಡ್ಡಾಯ ಆಯ್ತು. ಸಿರುಗುಪ್ಪದ ಭತ್ತದವರಿಗೆ ಇದು ಹೊಸದಲ್ಲ. ಅದಕ್ಕೂ ಮೊದಲು ಐದು ಪಾಲು ಯೂರಿಯಾಕ್ಕೆ ಒಂದು ಪಾಲು ಬೇವಿನ ಹಿಂಡಿ ಪುಡಿ ಕಲಸಿ, ರಾತ್ರಿ ಇಟ್ಟು, ಬೆಳಿಗ್ಗೆ ಗದ್ದೆಗೆ ಎರಚುತ್ತಿದ್ದರು. ಆದರೆ ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇವು ಲೇಪಿತ ಯೂರಿಯಾ ನಿಧಾನವಾಗಿ ಕರಗುವುದಿಲ್ಲ. ನೀರು ಬಿದ್ದ ಕೂಡಲೇ ಕರಗ್ತದೆ. ಕರಗಿದ ಮೇಲೆ ಮಣ್ಣಿನಲ್ಲಿ ಅದು ರೂಪ ಬದಲಾಯಿಸಿ ನೀರಿನ ಜೊತೆ ಓಡಿಹೋಗುವುದನ್ನು ಬೇವು ತಡೆಯುತ್ತದೆ, ಅಷ್ಟೇ. ಗದ್ದೆಗೆ ಇದು ಲಾಭ. ಕುಂಡಕ್ಕೆ ‘ಹೇಗೂ ಬೇವು ಹಚ್ಚಿದ್ದಲ್ಲ’ ಎಂದು ಒಂದು ಚಮಚ ಹಾಕಿದರೆ ಎಳೆ ಗಿಡ ವಾರದಲ್ಲಿ ಕರಕಲು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಐದು ಗ್ರಾಂ ಯೂರಿಯಾ ಅಂದರೆ ಹತ್ತಿರ ಹತ್ತಿರ ಐವತ್ತು ಗ್ರಾಂ ಬೇವಿನ ಹಿಂಡಿಯ ಬಲ ಒಂದೇ ದಿನ ಬೇರಿಗೆ ಬಡಿದ ಹಾಗೆ. 2023ರಲ್ಲಿ ಬಂದ ಗಂಧಕ ಲೇಪಿತ ‘ಯೂರಿಯಾ ಗೋಲ್ಡ್’ನಲ್ಲಿ ಸಾರಜನಕ 37 ಪಾಲು, ಗಂಧಕ 17 ಪಾಲು. ಅದೂ ಹೊಲಕ್ಕೆ ಮಾಡಿದ್ದು, ಕುಂಡಕ್ಕಲ್ಲ.

ಮೂರು, ಈ ಬರಹದ ಗುಳಿಗೆ ಗೊಬ್ಬರ. ನೋಡಲು ಸಾಬೂದಾನಿ ಥರ, ಹಳದಿ ಅಥವಾ ಕಂದು ಬಣ್ಣ. ಒಳಗೆ ಮಾಮೂಲಿ ರಾಸಾಯನಿಕ ಗೊಬ್ಬರವೇ, 14-14-14 ಇತ್ಯಾದಿ. ಹೊರಗೆ ರಾಳದ ಅಥವಾ ಪ್ಲಾಸ್ಟಿಕ್ ಜಾತಿಯ ತೆಳು ಲೇಪ. 1960ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಆಸ್ಮೋಕೋಟ್ ಈ ಜಾತಿಯಲ್ಲಿ ಹಳೆಯ ಹೆಸರು. ಈಗ ಬೇರೆ ಬೇರೆ ಕಂಪನಿಗಳದೂ ಇವೆ.

ಗುಳಿಗೆಯ ಒಳಗೆ ಏನು ನಡೀತದೆ

ಬೇಸಿಗೆಯಲ್ಲಿ ಮಣ್ಣಿನ ಗಡಿಗೆ ಜಿನುಗುವುದನ್ನು ನೆನಪಿಗೆ ತಂದುಕೊಳ್ಳಿ. ಗಡಿಗೆ ಒಡೆದಿಲ್ಲ, ತೂತಿಲ್ಲ, ಆದರೂ ಹೊರಮೈ ಒದ್ದೆ. ಗುಳಿಗೆಯೂ ಹೀಗೇ. ಒದ್ದೆ ಮಣ್ಣಿನಲ್ಲಿ ಇದ್ದಾಗ ಲೇಪದ ಮೂಲಕ ನೀರಿನ ಆವಿ ಒಳಗೆ ಹೋಗ್ತದೆ. ಒಳಗಿನ ಗೊಬ್ಬರ ಕರಗಿ ಗಟ್ಟಿ ಉಪ್ಪುನೀರು ಆಗ್ತದೆ. ಆ ಉಪ್ಪುನೀರು ಅದೇ ಲೇಪದಿಂದ ದಿನಾ ಸ್ವಲ್ಪ ಸ್ವಲ್ಪ ಹೊರಗೆ ಜಿನುಗ್ತದೆ. ಲೇಪ ದಪ್ಪ ಇದ್ದರೆ ಒಂಬತ್ತು ತಿಂಗಳು, ತೆಳು ಇದ್ದರೆ ಮೂರು ತಿಂಗಳು.

ಈಗ ಮುಖ್ಯ ಮಾತು. ನೀರು ಹೆಚ್ಚು ಹಾಕಿದರೆ ಗುಳಿಗೆ ಬೇಗ ಖಾಲಿ ಆಗ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಮಣ್ಣು ಹಸಿ ಇದ್ದರೆ ಸಾಕು, ಆಮೇಲೆ ಜಿನುಗುವ ವೇಗವನ್ನು ನಡೆಸುವುದು ಬಿಸಿ. ಪೊಟ್ಟಣದ ಮೇಲೆ ಬರೆದ ತಿಂಗಳು ಸಾಮಾನ್ಯವಾಗಿ 21 ಡಿಗ್ರಿ, ಕೆಲವು ಕಂಪನಿಯದು 25 ಡಿಗ್ರಿ ಬಿಸಿಯ ಮಣ್ಣಿಗೆ ಲೆಕ್ಕ ಹಾಕಿದ್ದು. ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ಕನ್ನಡಕ ಹಾಕಿಕೊಂಡು ಹುಡುಕಬೇಕು. ಬಿಸಿ ಹತ್ತು ಡಿಗ್ರಿ ಏರಿದರೆ ಜಿನುಗುವುದು ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ಆಗ್ತದೆ. ಆರು ತಿಂಗಳ ಗುಳಿಗೆ 31 ಡಿಗ್ರಿಯಲ್ಲಿ ಮೂರರಿಂದ ನಾಲ್ಕು ತಿಂಗಳಿಗೆ ಮುಗೀತದೆ. 40 ದಾಟಿದ ಕುಂಡದಲ್ಲಿ ಎರಡು ತಿಂಗಳು ಬಂದರೆ ಪುಣ್ಯ.

ಬೆಂಗಳೂರಿನಲ್ಲಿ ವರ್ಷದ ಸರಾಸರಿ ಬಿಸಿ 24 ಡಿಗ್ರಿ ಆಸುಪಾಸು. ಲಾಲ್‌ಬಾಗಿನಲ್ಲಿ ಬೋನ್ಸಾಯ್ ತೋಟ ಇದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಇದೆ. ಹೋದವರು ನೋಡಿ ಬನ್ನಿ, ಕಣ್ಣಿಗೆ ಹಬ್ಬ. ಆದರೆ ಆ ಕಡೆಯವರು ಹೇಳುವ ಚಮಚದ ಲೆಕ್ಕವನ್ನು ಹಾಗೇ ಬಳ್ಳಾರಿಗೆ ತರಬೇಡಿ. ಅಲ್ಲಿ ಪೊಟ್ಟಣದ ತಿಂಗಳು ಹೆಚ್ಚುಕಡಿಮೆ ಸರಿಹೋಗ್ತದೆ. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ಇಟ್ಟ ಕರಿ ಪ್ಲಾಸ್ಟಿಕ್ ಕುಂಡದ ಮಣ್ಣು ಗಾಳಿಗಿಂತ ಹೆಚ್ಚು ಕಾಯುತ್ತದೆ. ಗೋಡೆ ಬದಿಗೆ ಇಟ್ಟ ಕುಂಡದ ಪಶ್ಚಿಮದ ಮೈ ಮಧ್ಯಾಹ್ನ ಮೂರಕ್ಕೆ ಮುಟ್ಟಿ ನೋಡಿ, ಗೊತ್ತಾಗ್ತದೆ.

ಸಿರುಗುಪ್ಪ ಕಡೆಯ ನಲವತ್ತು ಹುಣಸೆ

ಸಿರುಗುಪ್ಪ ಕಡೆಯ ನಮ್ಮ ಸಂಬಂಧಿಕರ ಹುಡುಗ ಎರಡು ವರ್ಷದ ಹಿಂದೆ ಎಪ್ಪತ್ತು ಕುಂಡ ಹುಣಸೆ ಬೆಳೆಸಿದ್ದ. ಅವನ ಹೆಂಡತಿ ಸಂಘದಲ್ಲಿ ಸಾಲ ತೆಗೆದು ಕುಂಡ ಕೊಂಡಿದ್ದಳು. ಶಹರದ ನರ್ಸರಿಯವರು ಮಳೆಗಾಲಕ್ಕೆ ಎತ್ತಿಕೊಳ್ಳುವುದಾಗಿ ಮಾತಾಗಿತ್ತು. ಬೇಸಿಗೆ ತಡೆಯಲಿ, ಗಿಡ ಬಲವಾಗಲಿ ಅಂತ ಶಿವರಾತ್ರಿ ಕಳೆದ ಮೇಲೆ ಆರು ತಿಂಗಳ ಗುಳಿಗೆಯನ್ನು ಕುಂಡಕ್ಕೆ ಮೂರು ಚಮಚದಂತೆ ಹಾಕಿದ. ಅಂಗಡಿಯವನು ಹೇಳಿದ್ದೂ ಅಷ್ಟೇ ಅಳತೆ. ಕುಂಡ ಕರಿ ಪ್ಲಾಸ್ಟಿಕ್ಕಿನವು, ಮೇಲೆ ನೆರಳಿಲ್ಲ.

ಯುಗಾದಿ ಆಗಿ ಎರಡು ವಾರಕ್ಕೆ ಫೋನು ಬಂತು. ‘ಮಾವ, ಎಲೆ ತುದಿ ಸುಟ್ಟಂಗ ಆಗ್ಯಾವ, ನೀರು ಸಾಲವಲ್ದು ಕಾಣ್ತೈತಿ, ಏನ್ ಮಾಡ್ಲಿ?’ ಹೋಗಿ ನೋಡಿದರೆ ನೀರಿನ ಕೊರತೆ ಏನೂ ಇಲ್ಲ. ಒಂದು ಗಿಡ ಕಿತ್ತು ಬೇರು ನೋಡಿದೆ. ಬೆಳ್ಳಗೆ ಇರಬೇಕಾದ ಬೇರಿನ ತುದಿ ಕಂದಾಗಿ ಜಿಬ್ಬಲು ಆಗಿತ್ತು. ಕುಂಡದ ಕಂಠಕ್ಕೆ ಬಿಳಿ ಉಪ್ಪು ಕಟ್ಟಿತ್ತು. ಗುಳಿಗೆ ಹಿಸುಕಿದರೆ ಅರ್ಧಕ್ಕೂ ಹೆಚ್ಚು ಮೆತ್ತಗಾಗಿ ಒಳಗೆ ಬರೀ ನೀರು. ಆರು ತಿಂಗಳಿನದು ಆರು ವಾರದಲ್ಲಿ ಬಹುಪಾಲು ಖಾಲಿ. ಮೂರು ಚಮಚದ ಉಪ್ಪು ಅಷ್ಟೂ ಆ ನಾಲ್ಕು ಲೀಟರ್ ಮಣ್ಣಿಗೆ ಬಿದ್ದಿದೆ. ಮೇಲೆ ಅವನು ಹಾಕುತ್ತಿದ್ದುದು ಬೋರಿನ ಸವಳು ನೀರು, ಅದೂ ಮಿತವಾಗಿ ದಿನಾ ಒಂದೊಂದು ತಂಬಿಗೆ. ಕೆಳಗಿನ ತೂತಿನಿಂದ ಒಂದು ಹನಿಯೂ ಬಸಿಯದ ಹಾಗೆ. ನೀರು ಆರ್ತದೆ, ಉಪ್ಪು ಉಳೀತದೆ. ಎರಿ ಭೂಮಿಯಲ್ಲಿ ಕಾಲುವೆ ನೀರು ನಿಂತು ಗದ್ದೆ ಸವಳು ಆಗುವುದನ್ನು ಸಿರುಗುಪ್ಪದವರಿಗೆ ನಾನು ಹೇಳಬೇಕಿಲ್ಲ. ಕುಂಡದಲ್ಲಿ ಅದೇ ಕಥೆ ಒಂದು ತಿಂಗಳಲ್ಲಿ ಮುಗಿದಿತ್ತು.

ಮಾಡಿದ್ದು ಇಷ್ಟು. ಮೇಲಿನ ಎರಡು ಬೆರಳು ಮಣ್ಣನ್ನು ಗುಳಿಗೆ ಸಮೇತ ಕೆರೆದು ತೆಗೆದೆವು. ಕುಂಡಗಳನ್ನು ಬೇವಿನ ಮರದಡಿ ತಂದು, ಪ್ರತಿ ಕುಂಡಕ್ಕೆ ಅದರ ಮಣ್ಣಿನ ಮೂರರಷ್ಟು ಕಾಲುವೆ ನೀರನ್ನು ನಿಧಾನವಾಗಿ ಹಾಯಿಸಿದೆವು. ಕೆಳಗೆ ತಟ್ಟೆ ಇಡದೆ ಪೂರ್ತಿ ಬಸಿದುಹೋಗಲು ಬಿಟ್ಟೆವು. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಚಿಗುರು ಬರುವ ತನಕ ಯಾವ ಗೊಬ್ಬರವೂ ಇಲ್ಲ, ಕತ್ತರಿಯೂ ಇಲ್ಲ. ನಲವತ್ತು ಗಿಡ ಹೋದವು, ಮೂವತ್ತು ಉಳಿದವು. ಉಳಿದವು ಆ ವರ್ಷ ಮಾರಾಟಕ್ಕೆ ಆಗಲಿಲ್ಲ. ಸಂಘದ ಕಂತನ್ನು ಅವರು ಕೂಲಿ ಮಾಡಿ ಕಟ್ಟಿದರು.

ಗೊಬ್ಬರ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದೇ ಗುಳಿಗೆಯನ್ನು ನಾನು ಈಗಲೂ ಹಾಕುತ್ತೇನೆ. ಕಾಲ, ಅಳತೆ ಬೇರೆ.

ನಾನು ಹಾಕುವ ಕ್ರಮ

ನನ್ನ ಸೂತ್ರ ಒಂದೇ: ಮಾರ್ಚಿ ತಿಂಗಳು ಕಾಲಿಡುವಾಗ ಕುಂಡದಲ್ಲಿರುವ ಗುಳಿಗೆ ಖಾಲಿ ಆಗಿರಬೇಕು. ಇಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ.

ರೋಹಿಣಿ-ಮೃಗಶಿರ ಮಳೆಯಲ್ಲಿ ಕುಂಡ ಬದಲಾಯಿಸುವುದು, ಬೇರು ಕತ್ತರಿಸುವುದು. ಕತ್ತರಿಸಿದ ಬೇರಿಗೆ ಕೂಡಲೇ ಗೊಬ್ಬರ ತಾಗಬಾರದು. ಮೂರು ನಾಲ್ಕು ವಾರ ಬಿಟ್ಟು, ಹೊಸ ಚಿಗುರು ಕಂಡ ಮೇಲೆ, ಅಂದರೆ ಆರಿದ್ರಾ ಕೊನೆಗೆ ಅಥವಾ ಪುನರ್ವಸುವಿನಲ್ಲಿ, ಮೊದಲ ಕಂತು. ಇದಕ್ಕೆ ಆರು ತಿಂಗಳ ಗುಳಿಗೆಯೇ ಒಳ್ಳೆಯದು. ಮೂರು ತಿಂಗಳಿನದು ನಮ್ಮಲ್ಲಿ ಒಮ್ಮೆಲೇ ಬಹಳ ಬಿಡ್ತದೆ. ದಪ್ಪ ಲೇಪದ್ದು ನಮ್ಮ ಬಿಸಿಗೆ ಮೂರೂವರೆ ತಿಂಗಳಿನದು ಆಗಿ ಸರಿಯಾಗಿ ಕೂಡ್ತದೆ. ಹಸ್ತ-ಚಿತ್ತ ಮಳೆ ಹೊತ್ತಿಗೆ ಮುಗೀತದೆ. ಆಗ ಎರಡನೇ ಕಂತು ಮೂರು ತಿಂಗಳ ಗುಳಿಗೆ, ಮೊದಲಿನದರ ಅರ್ಧ ಅಳತೆ. ಸಂಕ್ರಾಂತಿ ದಾಟುತ್ತಿದ್ದಂತೆ ಅದೂ ಖಾಲಿ.

ಅಳತೆಗೆ ಕುಂಡದ ಇಂಚು ನಂಬಬೇಡಿ, ಮಣ್ಣಿನ ಲೀಟರು ನೋಡಿ. ಖಾಲಿ ಕುಂಡಕ್ಕೆ ಲೀಟರ್ ಡಬ್ಬಿಯಿಂದ ಮಣ್ಣು ಸುರಿದರೆ ತಿಳೀತದೆ. ಎಂಟು ಇಂಚಿನ ಕುಂಡದಲ್ಲಿ ಮೂರೂವರೆಯಿಂದ ನಾಲ್ಕು ಲೀಟರ್ ಹಿಡೀತದೆ. ಪೊಟ್ಟಣದಲ್ಲಿ ಎಳೆ ಗಿಡಕ್ಕೆ ಲೀಟರಿಗೆ ಸುಮಾರು ಮೂರು ಗ್ರಾಂ ಅಂತ ಇರ್ತದೆ. ನಾನು ಹಾಕುವುದು ಅದರ ಅರ್ಧ. ನಾಲ್ಕು ಲೀಟರ್ ಕುಂಡಕ್ಕೆ ಚಹಾ ಚಮಚದಲ್ಲಿ ಒಂದು, ಅಂದರೆ ಐದಾರು ಗ್ರಾಂ. 14-14-14 ಆದರೆ ಅದರಲ್ಲಿ ಸಾರಜನಕ ಮುಕ್ಕಾಲು ಗ್ರಾಂ ಆಗ್ತದೆ. ಕಡಿಮೆ ಅನಿಸಿದರೆ ಮುಂದೆ ಸೇರಿಸಬಹುದು. ಹೆಚ್ಚಾದದ್ದನ್ನು ಹೆಕ್ಕಿ ತೆಗೆಯುವುದು ಕಷ್ಟ.

ಗುಳಿಗೆಯನ್ನು ಮೇಲೆ ಚೆಲ್ಲಬಾರದು. ಮೇಲೆ ಇದ್ದರೆ ಬಿಸಿಲಿಗೆ ಕಾಯ್ತದೆ, ಒಮ್ಮೆ ಒಣಗ್ತದೆ ಒಮ್ಮೆ ನೆನೀತದೆ, ನೀರು ಹಾಕಿದಾಗ ತೇಲಿ ಅಂಚಿಗೆ ಹೋಗಿ ಚೆಲ್ತದೆ. ಎರಡು ಬೆರಳು ಆಳಕ್ಕೆ, ಬುಡದಿಂದ ದೂರ, ಕುಂಡದ ಅಂಚಿನ ಸುತ್ತ ನಾಲ್ಕೈದು ಕಡೆ ಸಣ್ಣ ಗುಳಿ ಮಾಡಿ ಹಾಕಿ ಮುಚ್ಚಬೇಕು. ಉಗುರಿನಿಂದ, ಕುರ್ಚಿಗೆಯಿಂದ ಒಡೆಯಬಾರದು. ಒಡೆದ ಗುಳಿಗೆ ಗುಳಿಗೆಯೇ ಅಲ್ಲ, ಬರೀ ಉಪ್ಪು. ಮಣ್ಣಿಗೆ ಮೊದಲೇ ಕಲಸಿ ಮೂಟೆ ಕಟ್ಟಿ ಇಡುವವರಿದ್ದಾರೆ. ಅದೂ ಬೇಡ. ಹಸಿ ತಾಗಿದ ದಿನದಿಂದಲೇ ಜಿನುಗುವುದು ಶುರು. ತಿಂಗಳು ಇಟ್ಟ ಮಣ್ಣಿಗೆ ಸಸಿ ನೆಟ್ಟರೆ ಉಪ್ಪಿನ ತೊಟ್ಟಿಗೆ ನೆಟ್ಟ ಹಾಗೆ.

ಉಳಿದಿದೆಯೋ ಮುಗಿದಿದೆಯೋ ತಿಳಿಯಲು ಕ್ಯಾಲೆಂಡರ್ ನೋಡಬೇಡಿ, ಹಿಸುಕಿ ನೋಡಿ. ತಿಂಗಳಿಗೊಮ್ಮೆ ಐದಾರು ಗುಳಿಗೆ ಹೊರಗೆ ತೆಗೆದು ಬೆರಳಲ್ಲಿ ಒತ್ತಿ. ಗಟ್ಟಿ ಇದ್ದರೆ ಒಳಗೆ ಇನ್ನೂ ಇದೆ. ಮೆತ್ತಗೆ ಒತ್ತಿ ನೀರು ಚಿಮ್ಮಿದರೆ ಮುಗಿಯುತ್ತ ಬಂದಿದೆ. ಬರೀ ಸಿಪ್ಪೆ ಆದರೆ ಖಾಲಿ. ಫೆಬ್ರವರಿ ಕೊನೆಗೆ ಗಟ್ಟಿ ಗುಳಿಗೆ ಇನ್ನೂ ಕಂಡರೆ ಮೇಲ್ಮಣ್ಣು ಕೆರೆದು ತೆಗೆದುಬಿಡುತ್ತೇನೆ. ದುಡ್ಡು ಹೋಯಿತು ಎಂದು ಹೊಟ್ಟೆ ಉರಿದರೂ ಸರಿ. ತೆಗೆದದ್ದನ್ನು ನಿಂಬೆ ಗಿಡದ ಪಾತಿಗೆ ಹಾಕುತ್ತೇನೆ.

ಬೇಸಿಗೆಯಲ್ಲಿ ಆಲ, ಬಸರಿ, ಅರಳಿ ಹೊಸ ಎಲೆ ತರುವ ಕಾಲ. ಆಗ ಬರೀ ನೀರಲ್ಲಿ ಬಿಡುವುದೂ ಸರಿಯಲ್ಲ. ಒಂದು ಬಕೆಟ್ ನೀರಿಗೆ ಒಂದು ಹಿಡಿ ಬೇವಿನ ಹಿಂಡಿ ಎರಡು ದಿನ ನೆನೆಹಾಕಿ, ಸೋಸಿ, ತಿಳಿ ನೀರನ್ನು ಹದಿನೈದು ದಿನಕ್ಕೊಮ್ಮೆ ಸಂಜೆ ಹೊತ್ತು ಕೊಡುತ್ತೇನೆ. ಹುಣಸೆಗೆ ಅದೂ ಬೇಡ.

ಮಣ್ಣು, ನೀರು

ಗುಳಿಗೆ ಎಷ್ಟು ಒಳ್ಳೆಯದಾದರೂ ಬಸಿಯದ ಮಣ್ಣಿನಲ್ಲಿ ವಿಷವೇ. ಎರಿ ಮಣ್ಣು ಕುಂಡಕ್ಕೆ ಬೇಡವೇ ಬೇಡ. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ನನ್ನದು ಎರಡು ಪಾಲು ಮಸಾರಿ ಮಣ್ಣು, ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ಹಳೇ ತಿಪ್ಪೆ ಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು. ಇಟ್ಟಿಗೆ ಚೂರು ಕಡಲೆ ಗಾತ್ರ ಇರಬೇಕು, ಪುಡಿಯನ್ನು ಜರಡಿ ಹಿಡಿದು ತೆಗೆಯಬೇಕು. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಹೊಟ್ಟಿನ ಬೂದಿ ಬೇಕಾದಷ್ಟು ಸಿಗ್ತದೆ. ಕರ್ರಗೆ ಇರುವ ಅರೆಸುಟ್ಟ ಹೊಟ್ಟು ಆರಿಸಿ, ಬೆಳ್ಳಗಿನ ಬೂದಿ ಬೇಡ. ತಂದದ್ದನ್ನು ಎರಡು ಸಲ ನೀರಲ್ಲಿ ತೊಳೆದೇ ಬಳಸಿ, ಇಲ್ಲದಿದ್ದರೆ ಸುಣ್ಣದ ಗುಣ ಜಾಸ್ತಿ.

ವಾರಕ್ಕೊಮ್ಮೆಯಾದರೂ ಕೆಳಗಿನ ತೂತಿನಿಂದ ಧಾರಾಳ ಬಸಿಯುವಷ್ಟು ನೀರು ಹಾಕಬೇಕು. ಮಳೆಗಾಲದಲ್ಲಿ ಮಾಳಿಗೆಯ ದೋಣಿ ನೀರು ಹಿಡಿದು ಡ್ರಮ್ಮಿಗೆ ತುಂಬಿಟ್ಟರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಬೋರಿನ ನೀರು ಎಷ್ಟು ಸವಳು ಎಂದು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಎಲ್ಲಿ ಕೊಡಬೇಕು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಹೇಳ್ತಾರೆ. ನೀರಿನಲ್ಲೇ ಉಪ್ಪು ಇದ್ದವರು ಗುಳಿಗೆಯ ಅಳತೆ ಇನ್ನೂ ಇಳಿಸಬೇಕು.

ಇನ್ನೊಂದು ಎಚ್ಚರ. ಆಲ, ಬಸರಿಯ ಎಲೆ ಹಳದಿ ಆದ ಕೂಡಲೇ ಗೊಬ್ಬರ ಸಾಲದು ಎಂದು ಮತ್ತೆ ಗುಳಿಗೆ ಹಾಕುತ್ತಾರೆ. ಯಾವ ಎಲೆ ಎಂದು ಮೊದಲು ನೋಡಿ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿ ಆದರೆ ಸಾರಜನಕದ ಕೊರತೆ ಇರಬಹುದು. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಸುಣ್ಣದ ನೀರಿನಿಂದ ಆಗುವಂಥದ್ದು. ಅದಕ್ಕೆ ಗುಳಿಗೆ ಎಷ್ಟು ಹಾಕಿದರೂ ಹಸಿರು ಬರುವುದಿಲ್ಲ. ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಒಂದು ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹತ್ತು ದಿನದಲ್ಲಿ ಬಣ್ಣ ತಿರುಗ್ತದೆ.

ಗುಳಿಗೆಯೋ, ಹಿಂಡಿ ಉಂಡೆಯೋ?

ಗುಳಿಗೆ ದುಬಾರಿ. ಕಿಲೋಕ್ಕೆ ನೂರಾರು ರೂಪಾಯಿ. ಹಾಗಾಗಿ 2023ರಲ್ಲಿ ಇಪ್ಪತ್ನಾಲ್ಕು ಹುಣಸೆ ಕುಂಡಗಳಲ್ಲಿ ಅರ್ಧಕ್ಕೆ ಗುಳಿಗೆ, ಅರ್ಧಕ್ಕೆ ಹಿಂಡಿ ಉಂಡೆ ಇಟ್ಟು ನೋಡಿದೆ. ಮೂರು ಪಾಲು ಬೇವಿನ ಹಿಂಡಿ, ಒಂದು ಪಾಲು ಶೇಂಗಾ ಹಿಂಡಿ, ಅಂಟಿಗೆ ಒಂದು ಹಿಡಿ ಎರಿ ಮಣ್ಣು, ನೀರು ಚಿಮುಕಿಸಿ ಗೋಟಡಿಕೆ ಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿದ್ದು. ಕುಂಡಕ್ಕೆ ಎರಡು ಉಂಡೆ, ಅರ್ಧ ಹೂತು. ಎರಿ ಮಣ್ಣು ಕುಂಡಕ್ಕೆ ಬೇಡ ಎಂದೆ, ಉಂಡೆ ಕಟ್ಟಲು ಮಾತ್ರ ಅದರಂಥದ್ದು ಇನ್ನೊಂದಿಲ್ಲ.

ಮೊದಲ ಮೂರು ವಾರ ಗುಳಿಗೆಯ ಸಾಲು ಮುಂದೆ ಇತ್ತು, ಎಲೆ ಕಡುಹಸಿರು. ಉಂಡೆಯ ಸಾಲು ಆಮೇಲೆ ಹಿಡಿಯಿತು. ದೀಪಾವಳಿಗೆ ಬುಡಕ್ಕೆ ದಾರ ಸುತ್ತಿ ಅಳೆದಾಗ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇದು ನನ್ನ ಅಂಗಳದ ಒಂದು ವರ್ಷದ ಮಾತು, ಹುಣಸೆಗೆ ಮಾತ್ರ. ಆಲ ಬಸರಿಗೆ ಗುಳಿಗೆಯದೇ ಮೇಲುಗೈ ಎಂದು ನನ್ನ ಅಂದಾಜು, ಅವು ಹೊಟ್ಟೆಬಾಕ ಜಾತಿ. ಬನ್ನಿಗೆ ಎರಡೂ ಹೆಚ್ಚು ಬೇಡ. ಅದು ತೊಗರಿ, ಅಲಸಂದೆಯ ಹಾಗೆ ಬೇರಿನ ಗಂಟಿನಲ್ಲಿ ಸಾರಜನಕ ಮಾಡಿಕೊಳ್ಳುವ ಗಿಡ. ಕಾಲು ಚಮಚ ಗುಳಿಗೆ ಸಾಕು.

ಹಿಂಡಿಗೂ ತನ್ನ ಗೋಳು ಇದೆ. ಶೇಂಗಾ ಹಿಂಡಿ ಹೆಚ್ಚಾದರೆ ಇರುವೆ, ಇಲಿ. ಒಣ ಹವೆಯಲ್ಲಿ ಉಂಡೆ ಕಲ್ಲಾಗಿ ಕೂತುಬಿಡ್ತದೆ, ಕೊಳೆಯುವುದೇ ಇಲ್ಲ. ಹಸಿ ಇಲ್ಲದೆ ಸೂಕ್ಷ್ಮ ಜೀವಿ ಕೆಲಸ ಮಾಡುವುದಿಲ್ಲ. ಮೂಳೆಹಿಟ್ಟು ಬೆರೆಸಿ ಎಂದು ಪುಸ್ತಕದವರು ಹೇಳ್ತಾರೆ. ಹುಳಿ ಮಣ್ಣಿನ ಮಲೆನಾಡಿಗೆ ಅದು ಸರಿ. ನಮ್ಮ ಸುಣ್ಣದ ಮಣ್ಣು ನೀರಿನಲ್ಲಿ ಅದು ಬೇಗ ಕರಗುವುದಿಲ್ಲ, ಹಾಕಿದ ವರ್ಷ ಫಲ ಕಾಣುವುದಿಲ್ಲ. ಔಡಲ ಹಿಂಡಿಯನ್ನಂತೂ ಮನೆ ಅಂಗಳದ ಕುಂಡಕ್ಕೆ ತರಲೇಬೇಡಿ. ಅದರಲ್ಲಿ ವಿಷ ಇದೆ, ನಾಯಿ ಮೂಸಿ ತಿಂದರೆ, ಕರು ಬಾಯಿ ಹಾಕಿದರೆ ಪ್ರಾಣಕ್ಕೇ ಅಪಾಯ.

ಇದನ್ನು ಓದಿ, ಮೆಣಸಿನ ಅಗಿಗೆ, ಹೊಲದ ಅಂಜೂರಕ್ಕೆ ಗುಳಿಗೆ ಹಾಕಬಹುದೇ ಎಂದು ಕೆಲವರು ಕೇಳಬಹುದು. ಮೆಣಸಿನ ಅಗಿ ತಟ್ಟೆಯಲ್ಲಿ ಇರುವುದು ನಲವತ್ತು ದಿನ, ಅಷ್ಟಕ್ಕೆ ಈ ದುಬಾರಿ ಸಾಮಾನು ಬೇಡ. ಕವರಿನಲ್ಲಿ ಬೆಳೆಸುವ ಮಾವು, ಹುಣಸೆ ಕಸಿಗೆ ಮಳೆಗಾಲದಲ್ಲಿ ಅರ್ಧ ಚಮಚ ಹಾಕಿದರೆ ಉಪಯೋಗ ಇದೆ. ಹೊಲದ ಗುಣಿಗೆ ಹಾಕುವುದು ದಂಡ. ಒಣ ಮಣ್ಣಿನಲ್ಲಿ ಗುಳಿಗೆ ಸುಮ್ಮನೆ ಕೂತಿರ್ತದೆ. ಅಲ್ಲಿಗೆ ತಿಪ್ಪೆ ಗೊಬ್ಬರ, ಬೇವಿನ ಹಿಂಡಿಯೇ ಸರಿ. ಇನ್ನೂ ಒಂದು ಕಾರಣ ಉಂಟು. ಗೊಬ್ಬರ ಮುಗಿದ ಮೇಲೆ ಉಳಿಯುವ ಸಿಪ್ಪೆ ಬಹುಪಾಲು ಪ್ಲಾಸ್ಟಿಕ್ಕೇ, ಬೇಗ ಕೊಳೆಯುವುದಿಲ್ಲ. ಯುರೋಪ್ ಒಕ್ಕೂಟದವರು 2023ರಲ್ಲಿ ಸಣ್ಣ ಪ್ಲಾಸ್ಟಿಕ್ ಕಣಗಳಿಗೆ ಕಡಿವಾಣ ಹಾಕುವಾಗ ಇಂಥ ಗೊಬ್ಬರದ ಲೇಪವನ್ನೂ ಸೇರಿಸಿದ್ದಾರೆ. ಕುಂಡದ ಮಣ್ಣು ಬದಲಾಯಿಸುವಾಗ ನಾನು ಸಿಪ್ಪೆಯನ್ನು ಜರಡಿ ಹಿಡಿದು ಬೇರೆ ಮಾಡುತ್ತೇನೆ, ಹೊಲಕ್ಕೆ ಚೆಲ್ಲುವುದಿಲ್ಲ.

ಸಿರುಗುಪ್ಪದ ಹುಡುಗ ಉಳಿದ ಮೂವತ್ತು ಹುಣಸ​ೆಗೆ ಈಗ ಆರಿದ್ರಾದಲ್ಲಿ ಒಂದು ಚಮಚ, ಚಿತ್ತದಲ್ಲಿ ಅರ್ಧ ಚಮಚ ಹಾಕುತ್ತಿದ್ದಾನೆ. ಕರಿ ಕುಂಡಗಳಿಗೆ ಗೋಣಿ ತಾಟು ಸುತ್ತಿದ್ದಾನೆ, ಬೇಸಿಗೆಗೆ ಮೇಲೆ ನೆರಳು ಪರದೆ ಕಟ್ಟುತ್ತಾನೆ. ಬುಡ ಹೆಬ್ಬೆರಳಿಗಿಂತ ದಪ್ಪ ಬಂದಿವೆ.

ಪೊಟ್ಟಣದಲ್ಲಿ ಗುಳಿಗೆ ಉಳಿದರೆ ಗಾಳಿ ಆಡದ ಡಬ್ಬಿಯಲ್ಲಿ, ತಂಪು ಜಾಗದಲ್ಲಿ ಇಡಿ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಬೇಡ. ನೋಡಲು ಸಾಬೂದಾನಿಯ ಹಾಗೆ ಇರುವುದರಿಂದ ಅಡುಗೆ ಮನೆಯ ಡಬ್ಬಿಗಳ ಸಾಲಿನಲ್ಲಿಯೂ ಇಡಬಾರದು, ಮಕ್ಕಳ ಕೈಗೆ ಸಿಗಬಾರದು. ಡಬ್ಬಿ ಮೇಲೆ ಗೊಬ್ಬರ ಎಂದು, ಕೊಂಡ ತಿಂಗಳು ಸಮೇತ, ದೊಡ್ಡ ಅಕ್ಷರದಲ್ಲಿ ಬರೆದಿಡಿ.